ಕುದಿಯುವ ಗೆರೆ

ಒಲೆಯ ಮೇಲೆ ಸಾರು ಕುದಿಯುವ ಸದ್ದು ಕೇಳಿದರೆ ನಿಮಗೆ ಊಟ ನೆನಪಾಗಬಹುದು. ನನಗೆ ಜಪಾನೀ ಸಿನಿಮಾ ನೆನಪಾಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಹೊರಗೆ ನ್ಯೂಜೆರ್ಸಿಯ ಈ ಕ್ರ್ಯಾನ್‌ಬರಿಯ ಗೋದಾಮುಗಳ ಕಡೆ ಹೋಗುವ ಟ್ರಕ್ಕುಗಳ ಸದ್ದು, ಒಳಗೆ ಸಾರಿನ ಪುಡಿಯ ಘಮ. ಪಾತ್ರೆಯ ಮೇಲೆ ಮುಚ್ಚಿದ ತಟ್ಟೆ ಸಣ್ಣಗೆ ನಡುಗುತ್ತಿತ್ತು. ಸೌಟು ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತುಬಿಟ್ಟೆ. ಸಾರಿಗೂ ಜಪಾನಿಗೂ ಎಲ್ಲಿಯ ನಂಟು ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ, ಆದರೆ ರುಕ್ಕತ್ತೆಯಿಂದ ಶುರುಮಾಡಬೇಕು.

ರುಕ್ಕತ್ತೆ ನನ್ನ ಅಪ್ಪನ ತಂಗಿ. ಮೈಸೂರಿನಲ್ಲಿ ಡ್ರಾಫ್ಟಿಂಗ್ ಕಲಿತು, ಮದುವೆಯಾಗಿ ಇಲ್ಲಿಗೆ ಬಂದು, ಸೇತುವೆಗಳ ನಕ್ಷೆ ಬರೆಯುವ ಕೆಲಸದಲ್ಲಿ ಅರ್ಧ ಆಯುಸ್ಸು ಕಳೆದವರು. ಕಂಪ್ಯೂಟರಿಗೆ ಮೊದಲಿನ ಕಾಲ ಅದು. ಮಂಚದಷ್ಟು ದೊಡ್ಡ ಮೇಜು, ಇಂಕಿನ ಪೆನ್ನು, ಉಸಿರು ಬಿಗಿಹಿಡಿದು ಎಳೆಯುವ ಗೆರೆ. ಸ್ಕೇಲಿಲ್ಲದೆ ಎಳೆದರೂ ತಮ್ಮ ಗೆರೆ ನೆಟ್ಟಗಿರುತ್ತದೆ ಎಂಬುದು ಅವರ ಜಂಬ. ನಾನು ಕವರಿನ ಮೇಲೆ ಬರೆದ ವಿಳಾಸ ನೋಡಿ, "ಇದೇನೇ, ಅಡ್ರೆಸ್ಸು ಚಾಮುಂಡಿಬೆಟ್ಟ ಹತ್ತುತಾ ಇದೆ?" ಎಂದು ನಕ್ಕವರು. ಮ್ಯಾನ್‌ಹಾಟನ್ನಿನ ಆಚೆಯ ಜೆರಿಕೋ ಊರಿನಲ್ಲಿ ಅವರ ಮನೆಯ ಡ್ರೈವ್‌ವೇ ತುಂಬ ದೀಪಾವಳಿಗೆ ಹಾಕುತ್ತಿದ್ದ ರಂಗೋಲಿ ಸುತ್ತಲಿನ ಕನ್ನಡದವರಿಗೆಲ್ಲ ಗೊತ್ತು. ಹದಿನೈದು ಚುಕ್ಕಿಯಿಂದ ಎಂಟಕ್ಕೆ ಇಳಿಯುವ ಸಂದುಚುಕ್ಕಿಯ ರಂಗೋಲಿ. ತುಳಿಯಬಾರದೆಂದು ಜನ ಕಾರನ್ನು ಬೀದಿಯಲ್ಲೇ ನಿಲ್ಲಿಸಿ ಹುಲ್ಲಿನ ಮೇಲೆ ನಡೆದು ಬರುತ್ತಿದ್ದರು.

ಅಂಥವರ ಬಲಗೈ ನಡುಗಲು ಶುರುವಾಯಿತು. ಪ್ರಾಣಕ್ಕೇನೂ ಅಪಾಯವಿಲ್ಲ, ಕೆಲವರಿಗೆ ವಯಸ್ಸಾದ ಮೇಲೆ ಹೀಗಾಗುತ್ತದೆ ಎಂದರು ಡಾಕ್ಟರು. ಅತ್ತೆ ಯಾರ ಮುಂದೆಯೂ ಕೈಯ ಸುದ್ದಿ ಎತ್ತಲಿಲ್ಲ. ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ಮಾತಾಡುವುದು, ಕಾಫಿ ಅರ್ಧ ಲೋಟ ಸಾಕು ಅನ್ನುವುದು, ರಂಗೋಲಿ ಅಂದರೆ "ಮಂಡಿ ನೋವು ಕಣೇ, ಕೂರಕ್ಕಾಗಲ್ಲ" ಅನ್ನುವುದು. ಎರಡು ದೀಪಾವಳಿ ಡ್ರೈವ್‌ವೇ ಬರಿದಾಗಿತ್ತು. ಜಾಣೆಯಾದ ನಾನು ಏನು ಮಾಡಿದೆ ಗೊತ್ತೇ? ಒಂದು ದೊಡ್ಡ ಸ್ಟಿಕ್ಕರ್ ರಂಗೋಲಿ ತಂದು, "ಅತ್ತೆ, ನೀವು ಕಷ್ಟಪಡೋದೇ ಬೇಡ, ಅಂಟಿಸಿದ್ರೆ ಮುಗೀತು" ಎಂದು ಕೈಗಿತ್ತೆ. ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಗೆರೆ ನೆಟ್ಟಗಿದೆ" ಎಂದಷ್ಟೇ ಹೇಳಿ ಡ್ರಾಯರಿನೊಳಗಿಟ್ಟರು. ನ್ಯೂಜೆರ್ಸಿಗೆ ಡ್ರೈವ್ ಮಾಡಿಕೊಂಡು ಬರುವಾಗ ಅರ್ಧ ದಾರಿಯಲ್ಲಿ ನನಗೆ ನಾಚಿಕೆಯಾಯಿತು. ಇನ್ನು ಅವರು ಯಾವತ್ತೂ ಗೆರೆ ಎಳೆಯುವುದಿಲ್ಲ, ಅದಕ್ಕೆ ನಾನೇ ಮುದ್ರೆ ಒತ್ತಿ ಬಂದೆ ಅನ್ನಿಸಿತು.

ಆಗ ನನ್ನ ಮಗಳು ಇಂಚರ ಮ್ಯಾನ್‌ಹಾಟನ್ನಿನಲ್ಲಿ ಅನಿಮೇಷನ್ ಓದುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಜಪಾನಿನ ಯಾರೋ ಪಾಪ್ ಕಲಾವಿದನ ಅನಿಮೇಷನ್ ಸಿನಿಮಾಗಳಿವೆ, ಅಜ್ಜಿಯನ್ನೂ ಕರೆದುಕೊಂಡು ಬಾ ಎಂದಳು. ಕಲಾವಿದನ ಹೆಸರು ನನ್ನ ನಾಲಿಗೆ ಮೇಲೆ ಅಂದೂ ನಿಲ್ಲಲಿಲ್ಲ, ಇಂದೂ ನಿಲ್ಲದು. ಅತ್ತೆಗೆ ಫೋನಿನಲ್ಲಿ, "ಜಪಾನಿನ ಕಾರ್ಟೂನ್ ಅಂತೆ" ಎಂದೆ. ನಮ್ಮ ಕಡೆಯವರಿಗೆ ಕಾರ್ಟೂನ್ ಅಂದರೇನು ಅರ್ಥ? ಮಕ್ಕಳು! ಅತ್ತೆ ಟ್ರೈನಿನಿಂದ ಇಳಿದಾಗ ಅವರ ಚೀಲದ ತುಂಬ ಕೋಡುಬಳೆ. "ಪುಟ್ಟ ಮಕ್ಕಳೆಲ್ಲ ಬಂದಿರ್ತವೆ, ಬರೀ ಕೈಯಲ್ಲಿ ಹೇಗೆ ಹೋಗೋದು?"

ನೆಲಮಾಳಿಗೆಯ ಸಣ್ಣ ಹಾಲ್ ಅದು. ಪುಟ್ಟ ಮಕ್ಕಳೆಂದರೆ ಕಪ್ಪು ಬಟ್ಟೆ ತೊಟ್ಟು ಕತ್ತಿನವರೆಗೆ ಹಚ್ಚೆ ಹಾಕಿಸಿಕೊಂಡ ನಲವತ್ತು ವರ್ಷದವರು. ಅತ್ತೆ ಚೀಲವನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದರು.

ಸಿನಿಮಾ ಶುರುವಾಯಿತು. ಕಥೆ ಕೇಳಬೇಡಿ, ಅದರಲ್ಲಿ ಕಥೆ ಇರಲಿಲ್ಲ. ಬೊಂಬಾಯಿ ಮಿಠಾಯಿ ಬಣ್ಣದ ಎರಡು ತುಟಿ ತೆರೆದರೆ ಒಳಗಿಂದ ವಿಮಾನ ಬಂತು. ವಿಮಾನಕ್ಕೆ ಕಾಲು ಬಂದು ಹುಂಜವಾಯಿತು. ಹುಂಜ ಒಡೆದು ಚುಕ್ಕಿ ಚುಕ್ಕಿಯಾಗಿ ತೆರೆಯ ತುಂಬ ಹರಡಿತು. ಚುಕ್ಕಿಗಳು ಮತ್ತೆ ಕೂಡಿಕೊಂಡು ಒಬ್ಬ ಹೆಂಗಸಾದವು, ಅವಳ ಮೈಮೇಲೆ ಮೊದಲು ಅರೆಬರೆ ಬಟ್ಟೆ, ಆಮೇಲೆ ಅದೂ ಇಲ್ಲ. ನಾನು ಬೆವರಿಹೋದೆ. ಎಪ್ಪತ್ತು ದಾಟಿದ ಸೋದರತ್ತೆಯ ಪಕ್ಕ ಕೂತು ಇಂಥದ್ದನ್ನು ನೋಡುವ ಹಣೆಬರಹ!

"ಅತ್ತೆ, ಎದ್ದು ಹೋಗೋಣ್ವಾ?" ಎಂದು ಪಿಸುಗುಟ್ಟಿದೆ.

"ಬೇಲೂರು ನೋಡಿಲ್ವೇನೇ ನೀನು? ಸುಮ್ನಿರು, ಚುಕ್ಕಿ ಎಣಿಸ್ತಿದೀನಿ," ಎಂದರು ಅತ್ತೆ. ಪಿಸುಮಾತೆಂದು ಅವರು ತಿಳಿದದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು. ಸದ್ಯ, ಕನ್ನಡ ಬಲ್ಲವರು ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ತೆರೆಯ ಮೇಲೆ ಒಂದು ಮುಖ ಬಂತು. ಬರೀ ಮುಖ, ಅಲ್ಲಾಡದೆ ನಮ್ಮನ್ನು ನೋಡುತ್ತಿತ್ತು. ಆದರೆ ಅದರ ಗೆರೆಗಳು ಸುಮ್ಮನಿರಲಿಲ್ಲ. ಮೂಗು, ಗಲ್ಲ, ಹುಬ್ಬು, ಎಲ್ಲದರ ಅಂಚೂ ಸಣ್ಣಗೆ ನಡುಗುತ್ತಿತ್ತು. ಅತ್ತೆ ಮುಂದಕ್ಕೆ ಬಾಗಿದರು. "ಇವನ ಕೈನೂ ನಡುಗುತ್ತಾ?" ಎಂದು ಇಂಚರಳನ್ನು ಕೇಳಿದರು. ಕೈ ಎಂಬ ಮಾತು ಅವರ ಬಾಯಿಂದ ಬಂದದ್ದು ಎರಡು ವರ್ಷದಲ್ಲಿ ಅದೇ ಮೊದಲು.

"ನೋ ಅಜ್ಜಿ, ಇಟ್ಸ್ ಕಾಲ್ಡ್ ಬಾಯ್ಲಿಂಗ್," ಎಂದಳು ಇಂಚರ. ಒಂದೇ ಮುಖವನ್ನು ಮತ್ತೆ ಮತ್ತೆ ಹೊಸದಾಗಿ ಬರೆಯುತ್ತಾರೆ. ಎಷ್ಟೇ ನುರಿತ ಕೈಯಾದರೂ ಗೆರೆ ಬಿದ್ದಲ್ಲೇ ಬೀಳುವುದಿಲ್ಲ. ಆ ಚಿತ್ರಗಳನ್ನೆಲ್ಲ ಒಂದರ ಹಿಂದೊಂದು ಓಡಿಸಿದಾಗ ಗೆರೆ ಹೀಗೆ ಕಾಣುತ್ತದೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. "ಗೆರೆ ಕುದಿಯೋದು ಅಂತಾರಂತೆ ಅತ್ತೆ."

"ಟ್ರೇಸ್ ಮಾಡಿ ಸರಿಪಡಿಸಬಹುದಿತ್ತಲ್ಲ?" ನಕ್ಷೆಯವರ ಪ್ರಶ್ನೆ ಅದು.

"ದೆನ್ ಇಟ್ ಲುಕ್ಸ್ ಡೆಡ್, ಅಜ್ಜಿ."

ಅತ್ತೆ ತೆರೆಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅವರ ಬಲಗೈ ಕೋಟಿನ ಜೇಬಿನಿಂದ ಹೊರಗೆ ಬಂದು ಕುರ್ಚಿಯ ತೋಳಿನ ಮೇಲೆ ಕೂತಿದೆ. ತೆರೆಯ ಗುಲಾಬಿ ಬೆಳಕು ಅದರ ಮೇಲೆ ಬೀಳುತ್ತಿತ್ತು. ಅಲ್ಲಿ ಗೆರೆ ನಡುಗುತ್ತಿತ್ತು, ಇಲ್ಲಿ ಕೈ ನಡುಗುತ್ತಿತ್ತು. ಅತ್ತೆ ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡುತ್ತಿದ್ದರು. ಆ ಬೆತ್ತಲೆ ಹೆಂಗಸು ಮತ್ತೆ ಬಂದದ್ದು ಒಳ್ಳೆಯದೇ ಆಯಿತು, ಅಳು ಬರುವುದು ತಪ್ಪಿತು.

ಹೊರಗೆ ಬಂದ ಮೇಲೆ ಕೋಡುಬಳೆ ಹಂಚಿಯೇ ಹಂಚಿದರು. ಮೂಗಿಗೆ ರಿಂಗು ಹಾಕಿದ ಒಬ್ಬ ಧಡಿಯ ಗ್ಲೂಟನ್ ಇದೆಯಾ ಎಂದು ಕೇಳಿದ. "ರೈಸ್ ಫ್ಲೋರ್, ಡಿಯರ್, ಈಟ್," ಎಂದು ಅವನ ಕೈಗೆ ಎರಡು ಹಾಕಿದರು. ಅಲ್ಲಿಂದ ಸಬ್‌ವೇ ಹಿಡಿದು ಫ್ಲಶಿಂಗ್‌ನ ದೇವಸ್ಥಾನಕ್ಕೆ ಹೋಗಿ, ಗಣೇಶನಿಗೆ ಕೈಮುಗಿದು ಅಲ್ಲಿನ ಕ್ಯಾಂಟೀನಿಗೆ ಇಳಿದೆವು. ದೋಸೆಯಾದ ಮೇಲೆ ನಾನು ರೂಢಿಯಂತೆ ಅತ್ತೆಗೆ ಅರ್ಧ ಕಾಫಿ ತರಲು ಎದ್ದೆ. "ತುಂಬಾ ತಾರೇ," ಎಂದರು. ಲೋಟ ಎತ್ತಿದಾಗ ಎರಡು ಹನಿ ಮೇಜಿನ ಮೇಲೆ ಚೆಲ್ಲಿತು. ಎದುರಿಗೆ ಕೂತಿದ್ದ ಪರಿಚಯದ ಆಂಟಿಯೊಬ್ಬರು, "ಅಯ್ಯೋ ಪಾಪ, ಕೈ ನಡುಗುತ್ತಾ ರುಕ್ಮಿಣಿ?" ಎಂದು ಲೊಚಗುಟ್ಟಿದರು.

"ನಡುಗ್ತಿಲ್ಲ ಕಣ್ರೀ, ಕುದೀತಿದೆ. ಕುದಿ ಬಂದ್ರೆ ತಾನೇ ಸಾರಿಗೆ ರುಚಿ?" ಎಂದರು ರುಕ್ಕತ್ತೆ. ಆ ಆಂಟಿಗೆ ಏನು ಅರ್ಥವಾಯಿತೋ, ಚಟ್ನಿ ತರುತ್ತೇನೆಂದು ಎದ್ದುಹೋದರು.

ಆ ವರ್ಷದ ದೀಪಾವಳಿಗೆ ನಾವು ಜೆರಿಕೋಗೆ ಹೋದಾಗ ಅವರ ಬೀದಿಯಲ್ಲಿ ಸಾಲಾಗಿ ಕಾರು ನಿಂತಿದ್ದವು. ನೋಡಿದ ತಕ್ಷಣ ಗೊತ್ತಾಯಿತು. ಡ್ರೈವ್‌ವೇಯಲ್ಲಿ ಹದಿನೈದು ಚುಕ್ಕಿಯ ರಂಗೋಲಿ, ಗೆರೆಗಳೆಲ್ಲ ಸಣ್ಣಗೆ ಅಲೆ ಎದ್ದಂತೆ. ಎಲ್ಲಿಯೂ ಅಳಿಸಿ ತಿದ್ದಿರಲಿಲ್ಲ. ಹಳೆಯ ರಂಗೋಲಿಗಿಂತ ಚೆನ್ನಾಗಿತ್ತೇ ಎಂದು ಕೇಳಿದರೆ ಏನು ಹೇಳಲಿ. ಹಳೆಯದರ ಮುಂದೆ ನಾನು ಇಷ್ಟು ಹೊತ್ತು ನಿಂತಿರಲಿಲ್ಲ. ಒಳಗೆ ಹೋದೊಡನೆ ಅತ್ತೆ ಡ್ರಾಯರ್ ತೆಗೆದು ನನ್ನ ಸ್ಟಿಕ್ಕರನ್ನು ನನಗೇ ಕೊಟ್ಟರು. "ಇದಕ್ಕೆ ಜೀವ ಇಲ್ಲ ಕಣೇ, ನೀನೇ ಇಟ್ಕೋ." ಇಂಚರ ಅವರಿಂದ ಒಂದೇ ರಂಗೋಲಿಯನ್ನು ಹನ್ನೆರಡು ಹಾಳೆಯ ಮೇಲೆ ಬರೆಸಿಕೊಂಡು ಒಂದು ಸೆಕೆಂಡಿನ ಸಿನಿಮಾ ಮಾಡಿದಳು. ಅತ್ತೆ ಅದನ್ನು ಫೋನಿನಲ್ಲಿಟ್ಟುಕೊಂಡು ಸಿಕ್ಕವರಿಗೆಲ್ಲ ತೋರಿಸುತ್ತಾರೆ, ಒಬ್ಬೊಬ್ಬರಿಗೂ ಕನಿಷ್ಠ ಹತ್ತು ಸಲ.

ಸ್ಟಿಕ್ಕರ್ ಏನಾಯಿತು ಎಂದಿರಾ? ಇವತ್ತಿನವರೆಗೂ ನಮ್ಮ ಹೊಸ್ತಿಲ ಮುಂದೆಯೇ ಇತ್ತು. ನಾನು ಬದಲಾಗಲು ನಿಧಾನ.

ಇವತ್ತು ಊಟಕ್ಕೆ ರುಕ್ಕತ್ತೆ ಬರುವವರಿದ್ದರು, ಸಾರು ಅವರಿಗೆಂದೇ. ಆ ನಡುಗುವ ತಟ್ಟೆಯನ್ನು ನೋಡುತ್ತ ನೋಡುತ್ತ ಏನನ್ನಿಸಿತೋ, ಸೌಟು ಕೆಳಗಿಟ್ಟು ಹೊರಗೆ ಹೋದೆ. ಸ್ಟಿಕ್ಕರನ್ನು ಕಿತ್ತು ಕಸಕ್ಕೆ ಹಾಕಿ, ಗರಾಜಿನಿಂದ ರಂಗೋಲಿ ಪುಡಿ ತಂದು ಡ್ರೈವ್‌ವೇಯಲ್ಲಿ ಕೂತೆ. ನನ್ನ ಕೈಗೆ ಯಾವ ಕಾಯಿಲೆಯೂ ಇಲ್ಲ, ಆದರೂ ಗೆರೆ ಬೆಟ್ಟ ಹತ್ತಿತು, ಇಳಿಯಿತು, ಪಕ್ಕದ ಹುಲ್ಲಿಗೆ ಹೋಗಿಬಂತು. ಮುಗಿಸುವಷ್ಟರಲ್ಲಿ ಇಂಚರಳ ಕಾರು ಬಂತು. ಒಳಗೆ ತಿರುಗಲಿಲ್ಲ. ಬೀದಿಯಲ್ಲೇ ನಿಂತಿತು. ರುಕ್ಕತ್ತೆ ಇಳಿದು, ಹುಲ್ಲಿನ ಮೇಲೆ ನಡೆದು ಬಂದರು.

ಬಗ್ಗಿ ನೋಡಿದರು. ಎಣಿಸಿದರು. "ಒಂದು ಚುಕ್ಕಿ ಕಮ್ಮಿ."

ನಾನು ಅಳಿಸಲು ಕೈ ಚಾಚಿದೆ. ಅತ್ತೆ ಮುಂಗೈ ಹಿಡಿದು ತಡೆದರು. ಅವರ ಬೆರಳ ನಡುಕ ನನ್ನ ಕೈಗೂ ಬಂತು.

"ಬಿಡೇ, ಕುದೀತಿದೆ," ಎಂದರು.

"ರಂಗೋಲಿನಾ ಅತ್ತೆ?" ಎಂದೆ, ಕಣ್ಣು ಮಂಜಾಗಿ.

"ಅದೂ ಕುದೀತಿದೆ. ನಾನು ಹೇಳಿದ್ದು ಸಾರು ಕಣೇ, ಉಕ್ಕಿದ ವಾಸನೆ ಬರ್ತಿದೆ, ಓಡು!"