ಕೆಳಮನೆಯ ಹಾಡುಗಾರ್ತಿಯ ಮೂರನೆಯ ಕ್ಯಾಸೆಟ್ಟು

ನಿಧಿ, ರೋಹನ್, ಮೊನ್ನೆ ನಿಮ್ಮಮ್ಮ ಕಾಫಿ ಬೀಜ ಪುಡಿ ಮಾಡಿದಾಗ ಮನೆ ತುಂಬಿದ ಘಮಕ್ಕೆ ಈ ಅಜ್ಜಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮೊದಲ ಅಪಾರ್ಟ್‌ಮೆಂಟು ನೆನಪಾಯಿತು. ಅದರ ಕೆಳಗಿನ ಮನೆಯಲ್ಲಿ ಒಬ್ಬ ಅಮೆರಿಕನ್ ಹಾಡುಗಾರ್ತಿ ಇದ್ದಳು...

ಎಂಬತ್ತರ ದಶಕದ ಮಾತು. ಬೆಳಿಗ್ಗೆ ಬೇಕರಿಯಲ್ಲಿ ಕೆಲಸ, ಆಮೇಲೆ ಗಿಟಾರು. ತಾನೇ ಹಾಡು ಕಟ್ಟಿ, ಅಡುಗೆಮನೆಯಲ್ಲೇ ಕ್ಯಾಸೆಟ್ಟಿಗೆ ಹಾಡಿ, ಕಾಫಿ ಅಂಗಡಿಗಳಲ್ಲಿ ಮಾರುತ್ತಿದ್ದಳು. ಎರಡು ಕ್ಯಾಸೆಟ್ಟು ಬಂದದ್ದೂ ಯಾರಿಗೂ ತಿಳಿಯಲಿಲ್ಲ. ಮೂರನೆಯದೇ ಕೊನೆಯ ಪ್ರಯತ್ನ ಎಂದಿದ್ದಳು.

ನಾನು ಗುನುಗುತ್ತಿದ್ದ ಬೀಸುವ ಪದ ಕೇಳಿ, ಒಂದು ಮಧ್ಯಾಹ್ನ ನನ್ನನ್ನು ಕೂರಿಸಿ ಮುಂದೆ ಮೈಕು ಇಟ್ಟಳು. ದನಿಯೇ ಹೊರಡಲಿಲ್ಲ. ಆ ಪದಗಳನ್ನು ನಾನು ಕಲಿತದ್ದು ಅವ್ವನ ಎದುರು ಕೂತು, ಬೀಸುಕಲ್ಲಿನ ಒಂದೇ ಗೂಟ ಹಿಡಿದು ರಾಗಿ ಬೀಸುತ್ತ. ಕೈ ಸುಮ್ಮನಿದ್ದರೆ ಸಾಲು ನೆನಪಾಗುವುದಿಲ್ಲ. ಕೈ ತಿರುಗಿಸಿ ತೋರಿಸಿದೆ. ಅವಳು ಓಡಿಹೋಗಿ ಕೈಯಿಂದ ತಿರುಗಿಸುವ ಕಾಫಿ ಬೀಜ ಬೀಸುವ ಯಂತ್ರ ತಂದು ನನ್ನ ಮಡಿಲಲ್ಲಿಟ್ಟಳು. ತಿರುಗಿಸಿದೆ... ಹಾಡು ಬಂತು. ಗರಗರ ಸದ್ದಿನ ಸಮೇತ ರೆಕಾರ್ಡು ಮಾಡಿಕೊಂಡಳು.

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಕಂಪನಿಗೆ ಅದು ಹಿಡಿಸಿತು. ಆ ಹಾಡಿದ್ದರೆ ಮಾತ್ರ ಅವಳ ರೆಕಾರ್ಡು ತರುತ್ತೇವೆ ಎಂದರಂತೆ. ಒಪ್ಪಿಗೆಯ ಕಾಗದ ತಂದು ನನ್ನ ಮುಂದೆ ಹಿಡಿದಳು. ಭಾನುವಾರ ಸೇರುವ ನಮ್ಮ ಕನ್ನಡದವರ ಕಿವಿಗೆ ಬೀಳುತ್ತದೆ, ಬೆಂಗಳೂರು ಮೈಸೂರಿನ ಓದಿದ ಹೆಂಗಸರು ನನ್ನ ಹಳ್ಳಿ ಹಾಡಿಗೆ ನಗುತ್ತಾರೆ ಎಂದುಕೊಂಡೆ.

"ಹಸ್ಬೆಂಡ್ ನೋ ಸೇಯಿಂಗ್" ಎಂದೆ, ಗಂಡ ಬೇಡ ಅಂದರು ಅಂತ ನನ್ನ ಮುರುಕು ಇಂಗ್ಲಿಷಿನಲ್ಲಿ.

ನಿಮ್ಮ ತಾತನನ್ನು ನಾನು ಕೇಳಿಯೇ ಇರಲಿಲ್ಲ.

ಅವಳು ಒತ್ತಾಯಿಸಲಿಲ್ಲ. ಕಾಗದ ಮಡಿಸಿಕೊಂಡು ಹೋದಳು. ಕಂಪನಿಯವರು ಕೈಬಿಟ್ಟರು. ಆಮೇಲೆ ನಾನು ಸಿಕ್ಕರೆ ಮರುಕದಿಂದ ಕೈ ಹಿಡಿಯುತ್ತಿದ್ದಳು, ತಾತ ಎದುರಾದರೆ ಮುಖ ತಿರುಗಿಸುತ್ತಿದ್ದಳು.

"ಏನೇ, ನಿನ್ನ ಫ್ರೆಂಡು ಇವತ್ತೂ ಹಲೋ ಅನ್ಲಿಲ್ಲ. ನನ್ನ ಮೀಸೆ ಅಷ್ಟೊಂದು ಕೆಟ್ಟದಾಗಿದ್ಯಾ?" ಎಂದು ಅವರು ನಗುತ್ತಿದ್ದರು. ನಾನು ತಲೆಯೆತ್ತದೆ ಸಾರು ತಿರುವುತ್ತಿದ್ದೆ.

ಮರುವರ್ಷ ಅವಳು ಗಿಟಾರು ಮಾರಿ ಊರು ಬಿಟ್ಟಳು. ಮತ್ತೆ ಹಾಡಿದಳೋ ಇಲ್ಲವೋ... ತಾತನೂ ತೀರಿಹೋದರು, ಒಬ್ಬ ಹೆಣ್ಣುಮಗಳು ತಮ್ಮನ್ನು ಏಕೆ ದೂರವಿಟ್ಟಳೆಂದು ತಿಳಿಯದೆಯೇ. ಅಂದು ನಾನು ಕೇಳಿದ್ದರೆ, "ಹಾಡು ಕಣೇ, ಅದಕ್ಕೇನಂತೆ" ಅನ್ನುತ್ತಿದ್ದರು.

ಇದನ್ನು ಬಾಯಿಬಿಟ್ಟು ಹೇಳಲು ನನಗೆ ಇವತ್ತಿಗೂ ಧೈರ್ಯವಿಲ್ಲ. ಕನ್ನಡ ಓದಲು ಬಾರದಿದ್ದರೆ ಅಪ್ಪನ ಕೈಲಿ ಓದಿಸಿಕೊಳ್ಳಿ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಅಂದು ಬೇಡ ಎಂದವಳು ನಾನು, ನಿಮ್ಮ ತಾತ ಅಲ್ಲ.