ಹೋಯ್ ಆನ್‌ನ ಸೊಪ್ಪಿನ ಮಡಿಯಲ್ಲಿ ಎಳ್ಳಮಾಸಿ

ನಾನು ಬಂದ ಮೊದಲ ತಿಂಗಳಲ್ಲೇ ಮನೆಯೊಳಗೆ ಹೊಳೆ ಬಂತು. ಬೆಳಿಗ್ಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟರೆ ಮೊಣಕಾಲುದ್ದ ಕಂದು ನೀರು. ಚಪ್ಪಲಿಗಳು ತೇಲುತ್ತಾ ಅಡುಗೆಮನೆ ಸೇರಿದ್ದವು. ಗಾಬರಿಯಿಂದ ಕೂಗುತ್ತಾ ಬಾಗಿಲಿಗೆ ಬಂದರೆ ಮನೆಯೊಡತಿ ಬಾ ಹ್ವಾ ಬೀದಿಯಲ್ಲಿ ದೋಣಿಯೊಳಗೆ ಕುಳಿತು, ಇನ್ನೊಂದು ದೋಣಿಯವಳೊಡನೆ ಬದನೆಕಾಯಿಗೆ ಚೌಕಾಸಿ ನಡೆಸಿದ್ದರು. 'ಬಾ' ಅಂದರೆ ವಿಯೆಟ್ನಾಮಿನಲ್ಲಿ ಅಜ್ಜಿ. ನನ್ನನ್ನು ನೋಡಿ ನಕ್ಕು, ಫ್ರಿಜ್ಜನ್ನು ಮೇಜಿನ ಮೇಲೆ ಎತ್ತಿಡು ಎಂದು ಕೈಸನ್ನೆ ಮಾಡಿದರು. ನಾನು ಹುಮನಾಬಾದಿನವನು. ಬೇಸಿಗೆಯಲ್ಲಿ ನಲ್ಲಿ ಬಂತೆಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುವ ಊರು ನಮ್ಮದು. ನೀರು ಹೀಗೆ ಕರೆಯದೆ ಮನೆಗೆ ಬರುವುದನ್ನು ನೋಡಿ ತಲೆ ಕೆಟ್ಟುಹೋಯಿತು.

ಊರಿನ ಗೆಳೆಯರು ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಭಾರಿ ಚಲೋ ಜಾಗಾ ಅಂತಲ್ಲೋ ಮಾರಾಯಾ. ಏನೇನ್ ನೋಡಬೇಕು, ಬರೆದು ಕಳಿಸು." ಬರೆಯುತ್ತೇನೆ, ಆದರೆ ಸಿಟ್ಟಿನಲ್ಲೇ ಬರೆಯುತ್ತೇನೆ. ಹೋಯ್ ಆನ್ ಎಂಬ ಈ ಪುಟ್ಟ ಊರಿಗೆ ಜಗತ್ತಿನ ಮಂದಿಯೆಲ್ಲ ಬಂದು ತಿಂಗಳುಗಟ್ಟಲೆ ಬಿದ್ದುಕೊಂಡಿರುತ್ತಾರೆ. ಲ್ಯಾಪ್‌ಟಾಪ್ ತೆರೆದು, ಎಳನೀರು ಕುಡಿದು, ಸಂಜೆ ಬಣ್ಣದ ದೀಪಗಳ ಫೋಟೋ ತೆಗೆಯುತ್ತಾರೆ. ಅವರಿಗೆ ಎಕ್ಸ್‌ಪ್ಯಾಟ್ ಎಂದು ಗೌರವದ ಹೆಸರು. ಅವರಿಗೆ ಯೋಗ ಕಲಿಸಿ ಹೊಟ್ಟೆ ಹೊರೆಯಲು ಬಂದ ನನಗೆ ಆ ಹೆಸರಿಲ್ಲ. "ಇಂಡಿಯಾನಾ? ಗೋವಾದವರಾ?" ಎಂದು ಕೇಳುತ್ತಾರೆ. ಬೀದರ್ ಜಿಲ್ಲೆ ಎಂದರೆ ಪಾಪ, ಕಣ್ಣು ಮುಚ್ಚಿ 'ನಮಸ್ತೆ' ಅನ್ನುತ್ತಾರೆ. ಇನ್ನೇನು ಹೇಳುವುದು ಇಂಥವರಿಗೆ?

ಆದರೂ ಮೆಚ್ಚಿದ ಜಾಗಗಳಿವೆ. ಸೂರ್ಯ ಹುಟ್ಟುವ ಮುಂಚಿನ ಕಡಲದಂಡೆ ಒಂದು. ಆ ಹೊತ್ತಿಗೆ ಅಲ್ಲಿ ಊರಿನವರೇ ಇರುತ್ತಾರೆ. ಮುದುಕಿಯರು ಕೈಕಾಲು ಬೀಸುತ್ತಾ ಹರಟೆ ಹೊಡೆಯುತ್ತಾರೆ, ನನ್ನ ಪದ್ಮಾಸನ ನೋಡಿ ಕಿಸಕ್ಕನೆ ನಗುತ್ತಾರೆ. ಬಿಸಿಲೇರಿದ ಮೇಲೆ ಅದೇ ದಂಡೆಯ ಮೇಲೆ ಬೆನ್ನು ಸುಟ್ಟುಕೊಳ್ಳುವವರ ಸಾಲು. ಕಪ್ಪು ಬೀಳಬಾರದೆಂದು ಸೆರಗು ಮುಚ್ಚಿಕೊಂಡು ಚಿಟಗುಪ್ಪದ ಬಸ್ಸಿಗೆ ಕಾಯುವ ನಮ್ಮ ಹೆಣ್ಣುಮಕ್ಕಳು ಇದನ್ನು ನೋಡಿದರೆ ಬಾಯಿ ಮೇಲೆ ಕೈ ಇಟ್ಟುಕೊಂಡಾರು.

ಇನ್ನೊಂದು, ಮೂಲೆಯ 'ಚಾಯ್' ಅಂಗಡಿ. ನಮ್ಮ ಚಹಾ ಅಲ್ಲ, ಇವರ ಮಾತಿನಲ್ಲಿ ಚಾಯ್ ಎಂದರೆ ಸಸ್ಯಾಹಾರ. ಮಿಕ್ಕ ಕಡೆ ಏನು ಕೇಳಿದರೂ ಮೀನಿನ ಸಾರು ಸುರಿದೇ ಕೊಡುತ್ತಾರೆ. ಸೊಪ್ಪಿನ ಪಲ್ಯಕ್ಕೂ ಅದೇ! ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಇಲ್ಲಿ ಊಟ ಹುಡುಕುವ ಪಡಿಪಾಟಲು ಶಿವನಿಗೇ ಗೊತ್ತು. ಹುಣ್ಣಿಮೆ, ಅಮಾವಾಸ್ಯೆ ಬಂದರೆ ಮಾತ್ರ ಊರಿನವರೂ ಮೀನು ಬಿಡುತ್ತಾರೆ, ಚಾಯ್ ಅಂಗಡಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಅಂದು ಸಂಜೆ ಬಾಗಿಲ ಮುಂದೆ ಊದಿನಕಡ್ಡಿ ಹಚ್ಚಿ, ದಿಕ್ಕಿಲ್ಲದ ಆತ್ಮಗಳಿಗೆಂದು ಅಕ್ಕಿ, ಉಪ್ಪು ಬೀದಿಗೆ ಚೆಲ್ಲುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿತು. ನಮ್ಮವರೇ ಇವರು, ಅನ್ನಿಸಿಬಿಟ್ಟಿತು.

ಎಲ್ಲಕ್ಕಿಂತ ಮೆಚ್ಚಿನದು ನಮ್ಮ ಮನೆಯ ಹಿಂದಿನ ಸೊಪ್ಪಿನ ಮಡಿ. ಬಾ ಹ್ವಾ ದಿನಾ ಎರಡು ಹೊತ್ತು ಬೆನ್ನು ಬಗ್ಗಿಸಿ ಪುದೀನ, ತುಳಸಿ ಜಾತಿಯ ಸೊಪ್ಪು, ಈರುಳ್ಳಿ ಬೆಳೆಯುತ್ತಾರೆ. ಒಂದೇ ಒಂದು ಕಳೆ ಕಾಣಸಿಗದು.

ಹೋದ ಮಳೆಗಾಲದಲ್ಲಿ ಹೊಳೆ ಇಳಿದ ಮೇಲೆ ನನ್ನ ಹೆಂಡತಿ ಶಿವಲೀಲಾ ಬಂದಳು. ತವರು ಬಸವಕಲ್ಯಾಣ. ಬರುವ ಮೊದಲೇ ಖಡಾಖಂಡಿತವಾಗಿ ಹೇಳಿದ್ದಳು: "ಎಳ್ಳಮಾಸಿ ತನಕ ನೋಡ್ತೀನ್ರಿ. ಮನಸ್ಸು ಹತ್ತಿದ್ರ ಇರ್ತೀನಿ. ಇಲ್ಲಂದ್ರ ಕಲ್ಯಾಣಕ್ಕ ವಾಪಸ್ ಹೋಗ್ತೀನಿ, ಆಮ್ಯಾಗ ಕರೀಬ್ಯಾಡ್ರಿ." ವರ್ಷಗಟ್ಟಲೆ ಒಬ್ಬನೇ ಅನ್ನ ಬೇಯಿಸಿಕೊಂಡು ತಿಂದವನಿಗೆ ಅವಳು ಉಳಿಯಬೇಕು ಎನ್ನುವುದೊಂದೇ ಆಸೆ.

ಅವಳ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಜೋಳದ ಹಿಟ್ಟೇ ಹೆಚ್ಚಿತ್ತು. ಜೊತೆಗೆ ಒಂದು ಸಣ್ಣ ಗಂಟು ಬಿಳಿಜೋಳದ ಕಾಳು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯಲು ಕೂತಳೆಂದರೆ ಮನೆ ತುಂಬ ಸದ್ದು. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಲ್ಯಾಪ್‌ಟಾಪ್ ಮಹಾಶಯ ಕಣ್ಣುಜ್ಜುತ್ತಾ ಇಳಿದುಬಂದು, ಮನೆಯಲ್ಲಿ ಕಟ್ಟಡದ ಕೆಲಸ ನಡೆದಿದೆಯೇ ಎಂದು ಕೇಳಿದ. "ಹೌದ್ರಿ, ಹೊಟ್ಟಿ ಕಟ್ಟಾಕತ್ತೇನಿ ಅಂತ ಹೇಳ್ರಿ ಅಂವಗ" ಎಂದಳು ಶಿವಲೀಲಾ. ಅವಳು ನಕ್ಕದ್ದು ಆ ತಿಂಗಳಲ್ಲಿ ಅದೊಂದೇ ಸಲ ಇರಬೇಕು. ಮಾತಾಡಲು ಮಂದಿಯಿಲ್ಲ, ಬಟ್ಟೆ ಒಣಗುವುದಿಲ್ಲ, ಎಲ್ಲಿ ನೋಡಿದರೂ ಮೀನಿನ ವಾಸನೆ. ಬಾ ಹ್ವಾ ಅವರನ್ನು 'ಆ ಮುದುಕಿ' ಎನ್ನುತ್ತಿದ್ದಳು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಬಂತು. ಅಂದು ಹುಮನಾಬಾದಿನ ಬಜಾರಿನಲ್ಲಿ ನರಪಿಳ್ಳೆ ಇರುವುದಿಲ್ಲ. ಹೊಲವಿದ್ದವರು ಇಲ್ಲದವರನ್ನು ಕರೆದುಕೊಂಡು ಹೋಗುತ್ತಾರೆ. ನೆರೆಯ ಮುಸ್ಲಿಂ ಮನೆಯವರೂ ಜೀಪು ಹತ್ತುತ್ತಾರೆ. ದಾರಿಹೋಕರನ್ನೂ ಕರೆದು ಕೂರಿಸಿ ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಬಡಿಸುತ್ತಾರೆ. ಅದಕ್ಕೂ ಮೊದಲು ಚರಗ. ಮಾಡಿದ ಅಡುಗೆಯನ್ನು ಭೂತಾಯಿಗೆಂದು ಬೆಳೆಯ ನಡುವೆ ಚೆಲ್ಲುತ್ತಾ, ಕೂಗುತ್ತಾ ಹೊಲ ಸುತ್ತುವುದು.

ಶಿವಲೀಲಾ ಸಿಕ್ಕ ಕಾಳು, ಸೊಪ್ಪು ಹಾಕಿ ಭಜ್ಜಿ ಮಾಡಿದಳು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು. "ಅಡಗಿ ಆತು. ಚರಗ ಎಲ್ಲಿ ಚೆಲ್ಲಬೇಕ್ರಿ? ಆ ಸಮುದ್ರಕ್ಕೇನು?"

"ಹಿಂದ ಮಡಿ ಐತಲ್ಲ," ಎಂದೆ. "ಮಣ್ಣು ಮಣ್ಣೇ. ಅವರೂ ಅಕ್ಕಿ ಚೆಲ್ತಾರ, ಏನೂ ಅನ್ನಂಗಿಲ್ಲ."

ಬಾ ಹ್ವಾ ಮಾರುಕಟ್ಟೆಗೆ ಹೋಗಿದ್ದರು. ಜಿಟಿಜಿಟಿ ಮಳೆಯಲ್ಲಿ ಇಬ್ಬರೂ ಮಡಿ ಸುತ್ತಿದೆವು. ಜೋಳದ ರೊಟ್ಟಿ ಚೂರು, ಭಜ್ಜಿ, ಒಂದು ಹಿಡಿ ಜೋಳದ ಕಾಳು. ಅವಳು ಚೆಲ್ಲಿದಳು, ನಾನು ಕೂಗಿದೆ. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

ತಿರುಗಿದರೆ ಬಾ ಹ್ವಾ ನಿಂತಿದ್ದಾರೆ! ಪುದೀನದ ಎಲೆಯ ಮೇಲೆ ಬಿದ್ದಿದ್ದ ಒಂದು ಕಾಳನ್ನು ಎತ್ತಿ ನೋಡಿದರು, ಹಲ್ಲಿನಲ್ಲಿ ಕಚ್ಚಿದರು, ತೂ ಎಂದು ಉಗುಳಿದರು. ಆಮೇಲೆ ಬೈಗುಳ ಶುರುವಾಯಿತು. ನನಗೆ ಬಿಡಿಸಿ ಕೇಳಿಸಿದ್ದು ಒಂದೇ ಪದ, 'ಬೊ ಬೊ'. ಅದನ್ನೇ ಮತ್ತೆ ಮತ್ತೆ ಹೇಳುತ್ತಾ ಕಾಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು.

ಸಂಜೆ ಇಂಗ್ಲಿಷ್ ಬಲ್ಲ ಮಗಳು ಲಿನ್‌ಳನ್ನು ಕರೆದುಕೊಂಡು ಬಂದರು. ನನಗೂ ಮೈ ಉರಿಯುತ್ತಿತ್ತು. "ಅಮಾವಾಸ್ಯೆಗೆ ನೀವೂ ಬೀದಿಗೆ ಅಕ್ಕಿ ಚೆಲ್ಲುತ್ತೀರಿ. ನಾವು ಮಾಡಿದರೆ ತಪ್ಪೇ?" ಎಂದು ಕೇಳಿದೆ.

ಲಿನ್ ತಾಯಿಯ ಮಾತನ್ನು ತಡೆತಡೆದು ಹೇಳಿದಳು. ಯುದ್ಧ ಮುಗಿದ ನಂತರದ ವರ್ಷಗಳಲ್ಲಿ ಇಲ್ಲಿ ಅಕ್ಕಿ ಇರಲಿಲ್ಲವಂತೆ. ಹೊರದೇಶದಿಂದ ಬಂದ ಈ ಕಾಳನ್ನು, ಬೊ ಬೊ ಎಂದು ಕರೆದು, ಪಡಿತರದಲ್ಲಿ ಹಂಚುತ್ತಿದ್ದರಂತೆ. ಹೊಟ್ಟಿನ ಸಮೇತ ಗಂಟೆಗಟ್ಟಲೆ ಬೇಯಿಸಿದರೂ ಅಗಿಯಲಾಗುತ್ತಿರಲಿಲ್ಲ. ನಮ್ಮ ರೊಟ್ಟಿ ಅದೇ ಕಾಳಿನ ಹಿಟ್ಟಿನದೆಂದು ಅಮ್ಮನಿಗೆ ಇಂದೇ ಗೊತ್ತಾದದ್ದಂತೆ. "ಅಮ್ಮನ ಚಿಕ್ಕ ತಂಗಿಗೆ ಅದು ಅರಗುತ್ತಿರಲಿಲ್ಲ. ಅವಳು ಉಳಿಯಲಿಲ್ಲ."

ಹೆಂಡತಿಗೆ ಕನ್ನಡದಲ್ಲಿ ಹೇಳಿದೆ. ಶಿವಲೀಲಾ ಮೆಲ್ಲಗೆ ಹೇಳಿದಳು, "ಅಕೀಗ ಹೇಳ್ರಿ. ನಮ್ಮ ಆಯೀನೂ ಬರಗಾಲದಾಗ ಜೋಳದ ನುಚ್ಚು ಕುಡದು ಬದುಕ್ಯಾಳ. ಸಾಯೂತನಕ ಜೋಳಕ್ಕ ಕೈ ಮುಗೀತಿದ್ಳು."

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಲಿನ್ ತಾಯಿಗೆ ಹೇಳಿದಳು. ಬಾ ಹ್ವಾ ಶಿವಲೀಲಾಳತ್ತ ತಿರುಗಿ ಹೇಳಿದ್ದನ್ನು ಲಿನ್ ತಿಳಿಸಿದಳು: "ನಿನ್ನ ಅಜ್ಜಿ ತಿಂದದ್ದು ಅವರ ಹೊಲದ್ದು. ನಾವು ತಿಂದದ್ದು ಸಾಲಿನಲ್ಲಿ ನಿಂತು ಬೇಡಿದ್ದು. ನೀನು ಕೈ ಮುಗಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಮನೆಯಲ್ಲಿ ಅದು ಬೇಯಬಾರದು. ಆಗದಿದ್ದರೆ ಬೇರೆ ಮನೆ ನೋಡಿಕೊಳ್ಳಿ."

ಹೊಳೆ ಇಳಿದು ಪ್ರವಾಸಿಗರ ಕಾಲ ಶುರುವಾದ ಮೇಲೆ ಇಷ್ಟು ಸೋವಿಯ ಮನೆ ಇನ್ನೆಲ್ಲಿ ಸಿಗಬೇಕು? ಹೆಂಡತಿಯತ್ತ ತಿರುಗಿಯೂ ನೋಡದೆ ಆಗಲಿ ಎಂದೆ. ಅವಳು ಒಳಗೆ ಹೋಗಿ ಹಿಟ್ಟಿನ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿ ಬೀಗ ಹಾಕಿದಳು. ಹೊರಟೇಬಿಟ್ಟಳು ಎಂದುಕೊಂಡೆ.

ಅವಳು ಹೋಗಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಮಡಿಯಲ್ಲಿ ಬಾ ಹ್ವಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಉಳಿದ ಕಾಳು ಹೆಕ್ಕುತ್ತಿದ್ದಾಳೆ. ದಿನಗಳೆದಂತೆ ಸೊಪ್ಪಿನ ಹೆಸರು ಕಲಿತಳು, ಅಕ್ಕಿ ಹಾಳೆಯಲ್ಲಿ ತರಕಾರಿ ಸುತ್ತುವುದನ್ನು ಕಲಿತಳು. ಒಬ್ಬರ ಮಾತು ಒಬ್ಬರಿಗೆ ಬಾರದು, ಆದರೂ ನಗೆ ಕೇಳಿಸುತ್ತದೆ. ಸಂಜೆ ನಾನು ಬಂದರೆ, "ಕೈ ಕಾಲು ತೊಳ್ಕೊಂಡು ಬರ್ರಿ, ಅನ್ನ ಆಗ್ಯಾದ" ಎನ್ನುತ್ತಾಳೆ. ನಾನು ಬಯಸಿದ್ದು ಇದನ್ನೇ ಅಲ್ಲವೇ? ಮತ್ತೆ ಯಾಕೆ ಇಷ್ಟು ಕಿರಿಕಿರಿ? ಅನ್ನ ಕಂಡರೆ ನನಗೀಗ ಸಿಟ್ಟು ಬರುತ್ತದೆ.

ಮೊನ್ನೆ ಪಕ್ಕದ ಊರಿನಲ್ಲಿ ಯೋಗ ಕಲಿಸುವ ಕಲಬುರಗಿಯ ಹುಡುಗನೊಬ್ಬ ರಜೆ ಮುಗಿಸಿ ಬಂದವನು ಮನೆ ಹುಡುಕಿಕೊಂಡು ಬಂದ. ಬಟ್ಟೆಯಲ್ಲಿ ಸುತ್ತಿದ, ಒಣಗಿಸಿದ ಜೋಳದ ಕಟಿ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. "ತಗೋರಿ ಅಕ್ಕಾರ, ನಮ್ಮವ್ವ ನಿಮಗಂತನ ಕೊಟ್ಟು ಕಳಿಸ್ಯಾಳ." ಆ ವಾಸನೆಗೇ ನನ್ನ ಬಾಯಲ್ಲಿ ನೀರೂರಿತು. ಕೈ ಚಾಚಿಯೇ ಬಿಟ್ಟಿದ್ದೆ.

ಶಿವಲೀಲಾ ಹೊಸಿಲ ಮೇಲೆ ಅಡ್ಡ ನಿಂತಳು. "ಬ್ಯಾಡ ತಮ್ಮಾ. ನಮ್ಮ ಮನ್ಯಾಗ ಇದು ನಡ್ಯಂಗಿಲ್ಲ."

"ಬೇಯಿಸೋದು ಬ್ಯಾಡ ಅಂದಾರ, ತಿನ್ನಬ್ಯಾಡ ಅಂದಿಲ್ಲಲ್ಲ!" ಎಂದೆ.

"ಆ ಅಮ್ಮನ ಮುಂದ ಕೂತು ತಿಂತೀರೇನು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಹುಡುಗನನ್ನು ಬೀಳ್ಕೊಡುವ ನೆಪದಲ್ಲಿ ಗಂಟು ಹಿಡಿದು ಕಡಲದಂಡೆಗೆ ಹೋದೆ. ಸ್ಕೂಟರಿಗೆ ಒರಗಿ, ಮರಳು ಬೀಳದಂತೆ ಒಂದು ಕೈ ಅಡ್ಡ ಹಿಡಿದು, ಎಲ್ಲ ರೊಟ್ಟಿ ಒಬ್ಬನೇ ತಿಂದೆ. ಪಕ್ಕದಲ್ಲಿದ್ದ ಯಾರೋ ವಿದೇಶಿ ಹೆಂಗಸು ಫೋಟೋ ತೆಗೆಯಬಹುದೇ ಎಂದು ಕೇಳಿದಳು. ಬೇಡ ಎಂದೆ. ಮನೆಗೆ ಬಂದವನು ಒಳಗೆ ಹೋಗುವ ಮುನ್ನ ಅಂಗಳದ ನಲ್ಲಿಯಲ್ಲಿ ಎರಡೆರಡು ಸಲ ಬಾಯಿ ಮುಕ್ಕಳಿಸಿದೆ.