ಮೂಲಿ ದುಂಡು ಮಾಡಿದ ಫೋಟೊ

ಬಳ್ಳಾರಿಯ ಫೋಟೊ ಸ್ಪರ್ಧಾಕ್ಕ ಕಳಿಸೋ ಫೋಟೊಕ್ಕ ಬಂಗಾರದ ಬಾರ್ಡರ್ ಹಾಕಿ, ನಾಕೂ ಮೂಲಿ ದುಂಡು ಮಾಡಿದ ಶಾಣ್ಯಾ ಯಾರು ಅಂತ ಕೇಳಿದ್ರ, ನಾನ ರೀ. ಇವತ್ತು ಮುಂಜಾನಿ ಫೋನು ತಾನಾಗೇ 'ಬಾರ್ಡರ್ ಬೇಕೇನು?' ಅಂತ ಕೇಳ್ತು. ಬಿಸಿ ಬೋಗಣಿ ಮುಟ್ಟಿದೋರಂಗ ಬೆರಳು ಹಿಂದಕ್ಕ ತಗೊಂಡೆ.

ಹೋದ ನಾಟಿಯಾಗ ತಗದ ಆ ಫೋಟೊ ಮಾತ್ರ ಚಂದ ಇತ್ತು, ಸುಳ್ಳು ಯಾಕ ಹೇಳ್ಲಿ. ತೆಕ್ಕಲಕೋಟಿ ಹತ್ರ ನಮ್ಮ ದೊಡ್ಡವ್ವನ ಗದ್ದಿ, ಭತ್ತದ ನಾಟಿ ನಡದಿತ್ತು. ಹೆಣ್ಮಕ್ಕಳು ಸಾಲಾಗಿ ಬಗ್ಗಿದ್ರು, ನೀರಾಗ ಅವರ ನೆರಳು. ನಟ್ಟನಡುವ ದೊಡ್ಡವ್ವನ ನೆಗೆಣ್ಣಿ, ಅಂದ್ರ ಆಕಿ ಮೈದುನನ ಹೆಂಡ್ತಿ, ಕುರುಗೋಡಿನಾಕಿ. ಇವರಿಬ್ಬರ ಪೈಪೋಟಿ ನಿಮಗ ಹೇಳಬೇಕು. ಒಬ್ಬಾಕಿ ರೊಟ್ಟಿ ತೆಳ್ಳಗ ಬಡದ್ರ, ಇನ್ನೊಬ್ಬಾಕಿ ಅದರಾಗ ಸೂರ್ಯಾ ಕಾಣಂಗ ಬಡೀತಾಳ. ದೊಡ್ಡವ್ವ ಎಡಗಡಿ ಮೂಲ್ಯಾಗ ಇದ್ಲು. ಎಲ್ಲಾರೂ ಬಗ್ಗಿದ್ರ ಈಕಿ ಒಬ್ಬಾಕಿ ಮಾರಿ ಎತ್ತಿ ನಿಂತಿದ್ಲು, ಅದೂ ಮದುವಿಗೆ ಉಡೋ ಸೀರಿಯಾಗ.

"ಬಳ್ಳಾರಿಯಾಗ ನಾಕು ಮಂದಿ ನೋಡ್ತಾರ. ಕೆಸರಾದ್ರ ಆಗ್ಲಿ ಬಿಡು," ಅಂದಿದ್ಲು. ಓಣಿಗೆಲ್ಲಾ ಡಂಗುರ ಸಾರಿದ್ಲು ಬ್ಯಾರೆ.

ಬಳ್ಳಾರಿಗೆ ಬಂದು, ಸತ್ಯನಾರಾಯಣಪೇಟಿಯ ನನ್ನ ರೂಮಿನಾಗ ಕುಂತು ನೋಡಿದ್ರ ಫೋಟೊ ಯಾಕೋ ಬೋಳಬೋಳ ಕಾಣ್ತು. ಉಪ್ಪಿನಕಾಯಿ ಇಲ್ದ ಅನ್ನಕ್ಕ ಕೈ ಹಾಕದ ಮನಶ್ಯಾ ನಾನು. ದಪ್ಪನ ಬಂಗಾರದ ಬಾರ್ಡರ್ ಹಾಕಿದೆ, ಅದರ ಮ್ಯಾಲ ಹೂಬಳ್ಳಿ. ಆಮ್ಯಾಲ ಮೂಲಿ ದುಂಡು ಮಾಡೋದು ಸಿಕ್ತು. ಎಳದೆ. ಇನ್ನೂ ಎಳಿಯಾಕ ಬರ್ತಿತ್ತು, ಎಳದೆ. ಗದ್ದಿ ಹೋಗಿ ಬಿಸ್ಕೀಟಾತು. ನಿಯಮ ಓದೋ ಚಟ ನಮ್ಮ ವಂಶದಾಗ ಯಾರಿಗೂ ಇಲ್ಲ.

ಸ್ಪರ್ಧಾದ ದಿನ ಫೋಟೊ ಎಲ್ಲಾ ಒಂದು ದೊಡ್ಡ ಹಾಲ್‌ನಾಗ ತೂಗುಹಾಕಿದ್ರು. ನಂದು ಬಾಗಲ ಹಿಂದ, ಒಂಟಿ.

"ಬಾರ್ಡರ್, ದುಂಡು ಮೂಲಿ ಬ್ಯಾಡಂತ ಮೊದಲ ಹೇಳಿದ್ವಲ್ಲಪ್ಪ. ಸ್ಪರ್ಧಾದಿಂದ ತಗದೀವಿ," ಅಂದ್ರು ತೀರ್ಪು ಕೊಡೋ ಮೇಡಂ. "ಅಲ್ಲಾ, ಇದು ಫೋಟೊನೋ ಲಗ್ನಪತ್ರಿಕಿನೋ?"

ಅಷ್ಟರಾಗ ದೊಡ್ಡವ್ವ, ಆಕಿ ನೆಗೆಣ್ಣಿ, ಓಣಿ ಹೆಣ್ಮಕ್ಕಳೆಲ್ಲಾ ಬಸ್ಸಿಳದು ಬಂದೇಬಿಟ್ರು. ದೊಡ್ಡವ್ವ ಫೋಟೊಕ್ಕ ಮೂಗು ತಾಗೋಷ್ಟು ಹತ್ರ ಹೋದ್ಲು.

"ಲೇ, ನಾನೆಲ್ಲಿ ಅದೀನಿ?"

ಎಡಗಡಿ ಒಂದು ಮೊಣಕೈ, ಒಂದು ಸಸಿ ಕಟ್ಟು ಉಳದಿತ್ತು. ಮಾರಿ, ಸೀರಿ, ಎಲ್ಲಾ ದುಂಡು ಮೂಲಿ, ಹೂಬಳ್ಳಿ ಸೇರಿ ನುಂಗಿದ್ವು.

"ಇದು ನಿನ್ನ ಕೈ, ದೊಡ್ಡವ್ವ."

"ನಾ ಭಾಳ ಚಂದ ಬಂದೀನಿ ಬಿಡಕ್ಕ," ಅಂದ್ಲು ನೆಗೆಣ್ಣಿ, ಸೆರಗು ಬಾಯಿಗೆ ಹಿಡಕೊಂಡು.

ದೊಡ್ಡವ್ವ ಸೆರಗಿನಿಂದ ಆ ಹೂಬಳ್ಳಿ ಒರಸಾಕ ಹತ್ತಿದ್ಲು. ಆಕಿ ಬೈದ್ರ ನನಗ ಊಟ ಮಾಡಿದಷ್ಟು ಸಲೀಸು, ಇದು ಮಾತ್ರ ನೋಡಾಕ ಆಗಲಿಲ್ಲ. ಫೋನಿನಾಗಿದ್ದ, ಬಾರ್ಡರ್ ಇಲ್ಲದ ಮೊದಲಿನ ಫೋಟೊ ತಗದು ಕೈಗೆ ಕೊಟ್ಟೆ. ತನ್ನ ಮಾರಿ ತಾನ ದೊಡ್ಡದು ಮಾಡಿ, ಭಾಳ ಹೊತ್ತು ನೋಡಿದ್ಲು. ಆಮ್ಯಾಲ ಬಂದೋರಿಗೆಲ್ಲಾ ತೋರಿಸಿದ್ಲು. ಮೇಡಂಗೂ ಬಿಡಲಿಲ್ಲ.

ಬಸ್ ಸ್ಟ್ಯಾಂಡಿನಾಗ ನೆಗೆಣ್ಣಿ ಮುಂದ ಹತ್ತಿ ಸೀಟು ಹಿಡಿಯಾಕ ಹೋದ್ಲು. ದೊಡ್ಡವ್ವ ನನ್ನ ಕಿವಿ ಹತ್ರ ಬಗ್ಗಿ ಮೆಲ್ಲಕ ಅಂದ್ಲು:

"ಮುಂದಿನ ನಾಟಿಗೆ ನಾ ನಡುವ ನಿಂದರ್ತೀನಿ, ಈಕೀನ ಮೂಲಿಗೆ ನಿಂದ್ರಸು. ಬಾರ್ಡರ್, ದುಂಡು ಮೂಲಿ ಮಾತ್ರ ಮರೀಬ್ಯಾಡ ಮತ್ತ."